ಷರಾ

ನವೆಂಬರಿನಲ್ಲಿ ಹೋದ ಸೂರ್ಯ ಟ್ರೊಮ್ಸೊಗೆ ಇನ್ನೂ ಮರಳಿಲ್ಲ.
ಬಿಳಿ ಇಲಿಗಳ ಕೋಣೆಯಲ್ಲಿ ಮಾತ್ರ
ಏಳಕ್ಕೆ ಸರಿಯಾಗಿ ಬೆಳಗಾಗುತ್ತದೆ,
ಗೋಡೆಯ ಟೈಮರಿನಿಂದ.

ಹೊಸ ಹುಡುಗ ಐವಿನ್‌ಗೆ ಹೇಳಿಕೊಡುತ್ತೇನೆ:
ಪಂಜರ ಮುಟ್ಟಿದ ಗಳಿಗೆಯಿಂದ ಮೂರೇ ನಿಮಿಷ.
ಅಷ್ಟರೊಳಗೆ ಬಾಲದ ತುದಿಯಿಂದ ನಾಲ್ಕು ಹನಿ.
ತಡವಾಯಿತೋ, ಕೊಳವೆಯಲ್ಲಿರುವುದು
ಇಲಿಯ ಮುಂಜಾವಲ್ಲ,
ನಿನ್ನ ಕೈ.

ಹೆಪ್ಪುಗಟ್ಟದಿರಲೆಂದು ಕೊಳವೆಗೆ ಉಪ್ಪು ಸವರಿದೆ.
ಕುಲುಕಬೇಡ, ಮಗುಚು,
ತೊಟ್ಟಿಲ ಕೂಸಿಗೆ ಮಗ್ಗುಲು ಬದಲಿಸಿದ ಹಾಗೆ, ಎಂಟು ಸಲ.
ಕುಲುಕಿದರೆ ಕಣ ಒಡೆದು ತಿಳಿ ಗುಲಾಬಿಯಾಗುತ್ತದೆ.
ಗುಲಾಬಿಯನ್ನು ಇಲ್ಲಿ ಎಸೆಯುತ್ತೇವೆ.

ಚಿಕ್ಕಮ್ಮ ರಿಸ್ಟೆನ್ ಹಿಮದಲ್ಲಿ ಕಾಲೂರಿ
ಕಡಿದ ಹಿಮಸಾರಂಗದ ಬಿಸಿ ರಕ್ತದ ಬಕೆಟ್ಟನ್ನು
ಬರ್ಚಿನ ಕಡಗೋಲಿನಿಂದ ತಿರುವುತ್ತಿದ್ದಳು.
ಕೈ ನಿಂತರೆ ಹೆಪ್ಪು, ರಾತ್ರಿಗೆ ರಕ್ತದ ದೋಸೆ ಇಲ್ಲ.
ಹಿಂಡಿನ ಹತ್ತಿರ ದನಿ ಎತ್ತಬೇಡ, ಅನ್ನುವಳು,
ಹೆದರಿದ ಪ್ರಾಣಿಯ ಮಾಂಸ ಕಪ್ಪಿಡುತ್ತದೆ.
ಆ ಹಾರ್ಮೋನಿನ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಅಂದು ಹನ್ನೊಂದು ಕೊಳವೆ, ಐಸಿನಲ್ಲಿ.
ಸೆಂಟ್ರಿಫ್ಯೂಜಿಗೆ ಜೋಡಿ ಬೇಕು;
ಒಂಟಿಯಾದದ್ದರ ಎದುರು ನೀರು ತುಂಬಿದ್ದೊಂದನ್ನು ಇಟ್ಟೆ.
ಹತ್ತು ನಿಮಿಷಕ್ಕೆ ಮೇಲೆ ತಿಳಿ ನಿಂತಿತು, ಒಣಹುಲ್ಲಿನ ಬಣ್ಣ.
ಕೆಳಗಿನ ಕೆಂಪು ಕದಡದಂತೆ ಹೀರಿ
ಮೈನಸ್ ಎಂಬತ್ತಕ್ಕೆ ಸೇರಿಸಿದೆ.

ಗುರುವಾರ ಅಂಕಿ ಬಂತು.
ಹನ್ನೊಂದೂ ಎತ್ತರ. ಮದ್ದು ಕೊಟ್ಟವೂ, ಕೊಡದವೂ.
ತೊರ್ಗೈರ್ ಕನ್ನಡಕ ತೆಗೆದು ಒರೆಸಿದರು,
ಹುಡುಗ ತಡ ಮಾಡಿದನೇ?
ಐವಿನ್‌ನ ಕಿವಿ ಕೆಂಪಾಯಿತು.
ಎರಡೂವರೆ ನಿಮಿಷವನ್ನು ಅವನು ಒಮ್ಮೆಯೂ ದಾಟಿರಲಿಲ್ಲ,
ಪಕ್ಕದಲ್ಲಿ ಗಡಿಯಾರ ಹಿಡಿದವಳು ನಾನು.

ಆ ದಿನ ನಸುಕಿನ ಮೂರಕ್ಕೆ ಚಾಹ್ಪೆ ಸತ್ತಿತ್ತು,
ಅಪ್ಪನ ಹಿಂಡು ಕಾದು ಮುದಿಯಾಗಿ ನನ್ನ ಮನೆಗೆ ಬಂದ ನಾಯಿ,
ನನ್ನ ಕತ್ತಿನ ಸಂದಿಗೆ ಮೂತಿ ಇಟ್ಟುಕೊಂಡು.
ಕೈ ತೊಳೆದಿದ್ದೆ. ಎರಡು ಸಲ ತೊಳೆದಿದ್ದೆ.
ಕೂದಲು ತೊಳೆದಿರಲಿಲ್ಲ.

ಷರಾ ಕಾಲಮ್ಮಿನಲ್ಲಿ ಬರೆದೆ: ನಾಯಿ.
ತೊರ್ಗೈರ್ ಓದಿದರು. ನನ್ನ ಮುಖ ನೋಡಿದರು.
ಅಳತೆಪಟ್ಟಿ ತಂದು, ನಿಧಾನವಾಗಿ,
ಹನ್ನೊಂದು ಸಾಲಿಗೂ ಅಡ್ಡಗೆರೆ ಎಳೆದರು.
ರಜೆ ತಗೋ, ಅಂದರು.

ಸೋಮವಾರ ಬಂದೆ. ಒಳಗೆ ಹೋಗಲಿಲ್ಲ.
ಗಾಜಿನ ಈಚೆ, ಕತ್ತಲ ಓಣಿಯಲ್ಲಿ ನಿಂತು
ಐವಿನ್‌ಗೆ ಬೆರಳೆತ್ತಿ ನಿಮಿಷ ತೋರಿಸಿದೆ:
ಒಂದು. ಎರಡು.
ಆಚೆ ಏಳಕ್ಕೆ ಸರಿಯಾಗಿ ಬೆಳಗಾಗಿತ್ತು.
ಉಳಿದ ಇಲಿಗಳು ಒಂದರ ಮೇಲೊಂದು ಬಿದ್ದು
ಮಲಗತೊಡಗಿದವು.