ಕಾವಲಿನ ಕುರ್ಚಿ

ರಜೆ ಸಿಕ್ಕಾಗ ನಾನು ಬೇರೆ ಊರಿನ ಮ್ಯೂಸಿಯಮ್ಮುಗಳಿಗೆ ಹೋಗುತ್ತೇನೆ,
ಕುರ್ಚಿ ನೋಡಲು.
ಕೇಳಿದವರು ನಗುತ್ತಾರೆ. ನಗಲಿ.
ಲಂಡನ್ನಿನಲ್ಲಿ ಬಂಗಾರದ ಚೌಕಟ್ಟುಗಳ ನಡುವೆ
ಚರ್ಮದ ಮೆತ್ತೆಯ ಕುರ್ಚಿ, ಅದರ ಮೇಲೆ ಆಕಳಿಸುವ ಹುಡುಗ.
ಎಡಿನ್‌ಬರೋದಲ್ಲಿ ಕಟ್ಟಿಗೆಯದು, ಬೆನ್ನು ನೆಟ್ಟಗೆ,
ಕೂತವಳೂ ಹಾಗೇ.
ಕಾರ್ಡಿಫ್‌ನಲ್ಲಿ ಕುರ್ಚಿಯ ಅಡಿಗೆ ಅರ್ಧ ಹೆಣೆದ ಕಾಲುಚೀಲ.
ಲಿವರ್‌ಪೂಲಿನ ಒಂದು ಕೋಣೆಯಲ್ಲಿ ಕುರ್ಚಿಯೇ ಇಲ್ಲ.
ನಿಂತ ಮುದುಕ ಕಾಲು ಬದಲಿಸುವುದನ್ನು ಕಂಡು
ಗೋಡೆಯ ಕಡಲನ್ನು ನೋಡದೆ ಹೊರಬಂದೆ.

ನನ್ನದು ಹ್ಯಾಲಿಫ್ಯಾಕ್ಸಿನಲ್ಲಿ,
ಏರು ಬೀದಿಯ ಹಳೇ ಉಣ್ಣೆ ಗಿರಣಿಯ ಎರಡನೇ ಮಹಡಿ,
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು. ಒಂದು ಕಾಲು ಗಿಡ್ಡ,
ಕೆಳಗೆ ಮಡಚಿಟ್ಟ ಟಿಕೆಟ್ಟು.
ಒಮ್ಮೆ ನಾನು ಚಹಾಕ್ಕೆ ಎದ್ದಾಗ ಒಬ್ಬಾತ
ಅದಕ್ಕೆ ಮೂರು ಸುತ್ತು ಬಂದು
ಹೆಸರಿನ ಚೀಟಿ ಹುಡುಕುತ್ತಿದ್ದ.

ನನ್ನ ಪಾಲಿಗೆ ಹನ್ನೊಂದು ಕಪಾಟು.
ಲಾಳಿಗಳು. ಹೊಟ್ಟು ತುಂಬಿಸಿಕೊಂಡ ಗಿಳಿ.
ಯಾರದೋ ಮದುವೆಯ ಕೈಗವಸು, ಒಂದೇ.
ಮೂಲೆಯಲ್ಲಿ ಹಿತ್ತಾಳೆಯ ಪಾತ್ರೆ, ಚೀಟಿಯ ಸಮೇತ:
ಪೂಜಾ ಸಾಮಗ್ರಿ ಇರಬಹುದು, ದಕ್ಷಿಣ ಭಾರತ,
ಬಳಕೆ ತಿಳಿಯದು.

ತಿಳಿಯದಂತೆ!
ನಗು ಬಂದದ್ದಕ್ಕೆ ಕೆಮ್ಮಿದ ಹಾಗೆ ಮಾಡಿದೆ.
ರಾಣೆಬೆನ್ನೂರಿನ ಕಾಳಿನ ಪೇಟೆಯಲ್ಲಿ
ನಮ್ಮಪ್ಪ, ಅಳತೆಯ ಫಕೀರಪ್ಪ,
ಇಂಥದೇ ಸೇರಿನಲ್ಲಿ ಊರ ಜೋಳ ಅಳೆದವನು.
ಅಂಚಿನ ತಗ್ಗು ನೋಡಿ,
ಅಲ್ಲಿ ಯಾರದೋ ಹೆಬ್ಬೆರಳು ಮೂವತ್ತು ವರ್ಷ ಕೂತಿದೆ.
ದೇವರ ಮುಂದಿಟ್ಟ ಹಿತ್ತಾಳೆ ಹಾಗೆ ಸವೆಯುವುದಿಲ್ಲ.

ಮಿಸೆಸ್ ಥ್ವೇಟ್‌ಗೆ ಹೇಳಿದೆ. ಒಳ್ಳೆಯ ಹೆಂಗಸು,
ಕನ್ನಡಕ ಹಣೆಗೇರಿಸಿ ಪೂರಾ ಕೇಳಿದಳು.
ಆಧಾರ ಬೇಕಲ್ಲ, ಅಂದಳು.
ಜೋಳ ತಂದು ಅಳೆದು ತೋರಿಸಲೇ?
ಅಯ್ಯೋ ಬೇಡ, ಹುಳ ಬೀಳುತ್ತವೆ.
ಫೈಲಿನ ಅಂಚಿಗೆ ಪೆನ್ಸಿಲಿನಲ್ಲಿ ಬರೆದಳು,
ಕಾವಲಿನವಳ ಅಭಿಪ್ರಾಯ ಬೇರೆ ಇದೆ.
ಪೆನ್ಸಿಲು ಅಳಿಸುತ್ತದೆ, ಗೊತ್ತು.
ಆದರೂ ಎರಡು ಸಲ ಹೋಗಿ ನೋಡಿಬಂದೆ.

ಅಪ್ಪ ಅಳೆಯುವಾಗ ಒಂದು ಅಂದವನಲ್ಲ.
ಮೊದಲ ಸೇರಿಗೆ ಲಾಭ,
ಆಮೇಲೆ ಎರಡು, ಮೂರು, ಹಾಗೇ.
ಆರು ದಾಟಿದರೆ ಏಳು ಅನ್ನುವಂತಿಲ್ಲ,
ಕೇಳಿಸಿಕೊಂಡ ರಾಶಿ ಎದ್ದು ಹೋದರೆ?
ಮತ್ತೊಂದು ಅನ್ನುತ್ತಿದ್ದ, ದನಿ ತಗ್ಗಿಸಿ.
ಎಂಟಕ್ಕೆ ದನಿ ಮೊದಲಿನಂತೆ.

ಬಾಗಿಲಲ್ಲಿ ನನಗೊಂದು ಎಣಿಸುವ ಗುಂಡಿ ಕೊಟ್ಟಿದ್ದಾರೆ,
ಒಳಬಂದ ತಲೆಗೊಂದು ಕ್ಲಿಕ್ಕು.
ತಲೆ ಕಡಿಮೆಯಾದರೆ ಕೌನ್ಸಿಲ್ಲು ಬೀಗ ಹಾಕುತ್ತದಂತೆ,
ಮಾರ್ಚಿನಿಂದ ಅದೇ ಮಾತು.
ಶಾಲೆಯವರು ಬಂದ ದಿನ ನಲವತ್ತೆರಡು,
ಮಹಡಿಯ ತುಂಬ ಒದ್ದೆ ಕೋಟಿನ ವಾಸನೆ.
ಮೂಗು ಸೋರುವ ಹುಡುಗಿಯೊಬ್ಬಳು ಗಾಜಿಗೆ ಹಣೆ ಹಚ್ಚಿ
ಇದರಲ್ಲಿ ಏನು ಹಾಕ್ತಾರೆ ಅಂತ ಕೇಳಿದಳು.
ಚೀಟಿ ಓದಿ ಟೀಚರು, ಯಾರಿಗೂ ಗೊತ್ತಿಲ್ಲ ಅಂದರು.
ಜೋಳ, ಅಂದೆ ನಾನು,
ಕುರ್ಚಿಯಿಂದಲೇ.

ನಿನ್ನೆ ಮಂಗಳವಾರ. ಬೆಳಗಿನಿಂದ ಅಡ್ಡಮಳೆ,
ಬಸ್ಸುಗಳು ಏರು ಹತ್ತದೆ ಕೆಳಗೇ ನಿಂತವು.
ನಾಲ್ಕೂವರೆಗೆ ಒಬ್ಬ ಮುದುಕ ಬಂದ,
ಛತ್ರಿ ಕೊಡವಿದ, ಗಿಳಿಯ ಜೊತೆ ಏನೋ ಅಂದ,
ಹೀಟರಿಗೆ ಬೆನ್ನು ಕೊಟ್ಟು ನಿಂತ, ಹೋದ.
ದಿನದ ಪುಸ್ತಕ ತೆರೆದು ಡೋರೀನ್ ಬರೆದಳು: 1.
ನಿನ್ನ ಲೆಕ್ಕ ಹೇಳು, ತಾಳೆ ನೋಡೋಣ, ಅಂದಳು.
ಲಾಭ, ಅಂದೆ.