ನಡುವಿನ ವೇಗ

ಹೀಯುಮಾ ದ್ವೀಪದಿಂದ ಆಚೆ ದಡಕ್ಕೆ
ಕಡಲು ಗಟ್ಟಿಯಾದ ವರ್ಷ ಮಾತ್ರ ತೆರೆಯುವ ದಾರಿ.
ಅದರ ಕಾನೂನು ಮೂರೇ ಮೂರು.
ಸೀಟ್ ಬೆಲ್ಟ್ ಹಾಕಬಾರದು.
ನಿಲ್ಲಿಸಬಾರದು.
ಮೆಲ್ಲಗೆ ಹೋಗಬಹುದು, ಇಪ್ಪತ್ತೈದರ ಒಳಗೆ,
ಜೋರಾಗಿಯೂ ಹೋಗಬಹುದು, ನಲವತ್ತು ದಾಟಿ.
ನಡುವಿನ ವೇಗ ಮಾತ್ರ ಕೂಡದು:
ಚಕ್ರದಡಿಯ ನೀರು ಅಲೆಯೆದ್ದು
ಮಂಜುಗಡ್ಡೆ ಬಿರಿಯುತ್ತದೆ.

ಇದನ್ನು ನನಗೆ ಹೇಳಿಕೊಟ್ಟವನು ನೀನೇ, ರೈವೊ,
ನಮಗಾಗ ಒಂಬತ್ತು ವರ್ಷ.
ನಿಮ್ಮಪ್ಪನ ಟ್ರಕ್ಕಿನ ಮುಂದಿನ ಸೀಟಿನಲ್ಲಿ
ಇಬ್ಬರಿಗೂ ಸೇರಿ ಒಂದು ಜೊತೆ ಕೈಗವಸು.
ಎಡಗೈಯದು ನಿನಗೆ, ಬಲಗೈಯದು ನನಗೆ,
ಉಳಿದೆರಡು ಬರಿಗೈ ನಿನ್ನ ಕೋಟಿನ ಒಂದೇ ಜೇಬಲ್ಲಿ,
ಕರಿಬ್ರೆಡ್ಡಿನ ಪುಡಿಯ ಜೊತೆ.

ಈಗ ನಾನು ಲೈಬ್ರರಿಯ ವ್ಯಾನ್ ಓಡಿಸುತ್ತೇನೆ.
ನೀನು ಗಡ್ಡೆಗೆ ತೂತು ಕೊರೆದು ದಪ್ಪ ಅಳೆಯುತ್ತೀಯ.
"ಇಪ್ಪತ್ತೆಂಟು ಸೆಂಟಿಮೀಟರ್" ಅನ್ನುತ್ತೀಯ ಫೋನಿನಲ್ಲಿ,
ಹೆತ್ತವರು ಕೂಸಿನ ತೂಕ ಹೇಳುವ ಹಾಗೆ.
ನಿನ್ನ ಮದುವೆಗೆ ಕೇಕ್ ಮಾಡಿದವಳು ನಾನು.
ಅದು ಮುರಿದ ವಾರ
ಕೇಕಿನ ತಟ್ಟೆ ವಾಪಸು ತಂದವನು ನೀನು,
ತೊಳೆದು, ಒರೆಸಿ.
ತೀಯು, ಚಹಾ ಇದೆಯಾ ಎಂದೆ.
ಇತ್ತು.
ಅಷ್ಟೇ ಆಡಿದ್ದು ನಾವು,
ಹಾವೂ ಸಾಯದ, ಕೋಲೂ ಮುರಿಯದ ಮಾತು.

ಮೊನ್ನೆ ವಾಪಸು ಬಂದ ಪುಸ್ತಕಗಳಲ್ಲೊಂದು
ಗುಲಾಬಿ ರಟ್ಟಿನ ಕಾದಂಬರಿ.
ಒಂದೇ ಬೀದಿಯ ಹುಡುಗ, ಹುಡುಗಿ;
ಗೋಲಿ, ಜಗಳ, ಹಂಚಿ ತಿಂದ ಸೇಬು.
ಹನ್ನೆರಡನೆಯ ಅಧ್ಯಾಯದಲ್ಲಿ ಮಳೆ ಬರುತ್ತದೆ.
ನೆನೆಯುತ್ತ ನಿಂತವರಿಗೆ
ತಟಕ್ಕನೆ ಎಲ್ಲ ತಿಳಿದುಬಿಡುತ್ತದೆ.
ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ
"ಸುಳ್ಳು" ಎಂದು ಬರೆದಿದ್ದಾರೆ.

ಯಾರೋ ಅಂತೆ!
ಮೂರನೇ ತರಗತಿಯಿಂದ ನಾನು ನಕಲು ಹೊಡೆದ
ಆ ಎಡಕ್ಕೆ ವಾಲುವ ಅಕ್ಷರ.
ಪುಸ್ತಕಕ್ಕೆ ಗೀಚಿದ್ದಕ್ಕೆ ದಂಡ ಎರಡು ಯೂರೊ,
ನಾನಿನ್ನೂ ಹಾಕಿಲ್ಲ.

ಇವತ್ತು ನಿನ್ನ ಗಾಡಿ ಕೆಟ್ಟು, ನನ್ನ ವ್ಯಾನಿನಲ್ಲಿ ನೀನು.
ಹಿಂದೆ ಎಂಟುನೂರು ಪುಸ್ತಕಗಳು ಕುಲುಕುತ್ತಿವೆ.
ಎರಡೂ ಕಡೆ ಬಿಳಿ, ನೆಟ್ಟ ಜೂನಿಪರ್ ಕೊಂಬೆಗಳು,
ದೂರದಲ್ಲಿ ಯಾರದೋ ಮೀನಿನ ಗಾಳ, ಯಾರದೋ ಸ್ಟೂಲು.
ಬಿಚ್ಚಿದ ಬೆಲ್ಟಿನ ಕೊಂಡಿ
ನಮ್ಮಿಬ್ಬರ ನಡುವೆ ಟಿಕ್ ಟಿಕ್ ಎನ್ನುತ್ತಿದೆ.

"ಯಾವುದು ಸುಳ್ಳು?" ಕೇಳಿಯೇಬಿಟ್ಟೆ.
ಯಾವ ಪುಸ್ತಕ ಅಂತ ನೀನು ಕೇಳಲಿಲ್ಲ.
ಕಿಟಕಿಯಾಚೆ ನೋಡಿದೆ,
ಕಿವಿ ಕೆಂಪಾಯಿತು; ಚಳಿಗಿರಬಹುದು,
ಹೀಟರ್ ಮಾತ್ರ ಪೂರ್ತಿ ಉರಿಯುತ್ತಿತ್ತು.

"ಮಳೆ," ಎಂದೆ.
ಸ್ವಲ್ಪ ಹೊತ್ತು ಬಿಟ್ಟು, "ತಟಕ್ಕನೆ ಅನ್ನೋದೂ."
ಆಮೇಲೆ, ಕೆಲಸದ ದನಿಯಲ್ಲಿ:
"ಮುಳ್ಳು ಮೂವತ್ತೆರಡರಲ್ಲಿದೆ, ತೀಯು.
ಏರಿಸು, ಇಲ್ಲ ಇಳಿಸು."

ಇಳಿಸಿದೆ.
ಇಪ್ಪತ್ತೆರಡು. ಇಪ್ಪತ್ತು.
ದಡ ಇನ್ನೂ ಹದಿನಾರು ಕಿಲೋಮೀಟರ್.
ನಿನ್ನ ಕೋಟಿನ ಜೇಬು, ಈ ಕಡೆಯದು,
ಬಾಯಿ ತೆರೆದುಕೊಂಡಿದೆ.
ಗೇರ್ ಬದಲಿಸುವ ಕೈ
ಗವಸು ಕಳಚಬೇಕಷ್ಟೆ.