ಉಂಡೆಲೆ

ಶನಿವಾರ ಸಂಜೆ ಕ್ಯಾಲಿಪರ್ ಎರಡೂ ಹೊಸದು ಹಾಕಿದೆವು,
ನಾನೂ ನನ್ನ ತಂಗಿಯ ಮಗ ಲೋಹಿತನೂ,
ಫೋನಿನಲ್ಲಿ ನೋಡಿಕೊಂಡು, ಪಾನಾ ಕೈಬದಲಿಸಿಕೊಂಡು.
ಭಾನುವಾರ ಬೆಳಿಗ್ಗೆ ರಂಗೋಲಿ ಇಡಲು ಬಗ್ಗಿದರೆ
ಮುಂದಿನ ಎಡಚಕ್ರದಡಿ, ನನಗಿಂತ ಮೊದಲೇ
ಯಾರೋ ಒಂದು ಚುಕ್ಕಿ ಇಟ್ಟಿದ್ದರು.

ಬೆರಳಿಗೆ ಹತ್ತಿಸಿಕೊಂಡೆ. ನೀರಲ್ಲ.
ಜಾರುತ್ತಲೇ ನಿಂತಿತು ಬೆರಳ ನಡುವೆ,
ಹರಳೆಣ್ಣೆಯ ತೆಳ್ಳನೆಯ ತಮ್ಮನ ಹಾಗೆ.
ಪೆಡಲ್ ಒತ್ತಿದರೆ, ನೆನೆದ ಅವಲಕ್ಕಿ.

ಹದಿನೇಳು ವರ್ಷದಿಂದ ಮಂಡ್ಯದಲ್ಲಿ ಡ್ರೈವಿಂಗ್ ಕಲಿಸುತ್ತೇನೆ.
ನನ್ನ ಕಾರಿಗೆ ಬ್ರೇಕ್ ಪೆಡಲು ಎರಡು:
ಒಂದು ಕಲಿಯುವವರದು, ಇನ್ನೊಂದು ನನ್ನ ಬಲಗಾಲಿನದು.
ಸ್ಟೀರಿಂಗ್ ಇಲ್ಲದ ಸೀಟಿನಲ್ಲಿ ಕೂತು
ಊರವರ ಗಾಬರಿಯನ್ನೆಲ್ಲ ತುಳಿದು ತುಳಿದು
ಬಲಗಡೆಯ ಚಪ್ಪಲಿ ಮಾತ್ರ ಸವೆಯುತ್ತದೆ.
ಅಂಗಡಿಯಲ್ಲಿ ಒಂದೇ ಕಾಲಿನದು ಕೊಡುವುದಿಲ್ಲ.

ಲೋಹಿತ ಬಿಗಿದ. ಮತ್ತೂ ಬಿಗಿದ.
ಬಿಗಿದಷ್ಟೂ ಚುಕ್ಕಿ ಬೇಗ ಬೇಗ.

ಹನ್ನೊಂದಕ್ಕೆ ಗುತ್ತಲು ರಸ್ತೆಯಿಂದ ಸನಾವುಲ್ಲಾ ಸಾಹೇಬರು ಬಂದರು.
ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟ ಮೇಲೆ
ಕರೆದವರ ಮನೆಗೆ ಹೋಗಿ ಬೈದು ಬರುವುದೇ ಅವರ ಕೆಲಸ.
ಒಂದು ಕಣ್ಣಿಗೆ ಪೊರೆ. ಬೆರಳಿಗೆ ಇಲ್ಲ.
ಹೋಸಿನ ಕೊರಳು ತಡವಿ, ಬೋಲ್ಟ್ ಬಿಚ್ಚಿ,
ತಾಮ್ರದ ವಾಷರೊಂದನ್ನು ನನ್ನ ಅಂಗೈಗೆ ಹಾಕಿದರು.
ಕಾಲುಂಗುರದಷ್ಟು. ಒಂದು ಕಡೆ ಹಳ್ಳ ಬಿದ್ದಿತ್ತು.
"ಹಳೇದನ್ನೇ ಹಾಕ್ಬುಟ್ಟಿದ್ದೀಯಾ?"
ಚೆನ್ನಾಗೇ ಇತ್ತಲ್ಲ ಸಾಬ್ರೇ, ಅಂದೆ.
"ಉಂಡೆಲೆನೂ ಚೆನ್ನಾಗೇ ಇರ್ತದೆ ಕಣಮ್ಮ, ತೊಳುದ್ರೆ.
ಅದರ ಮೇಲೆ ಇನ್ನೊಬ್ರಿಗೆ ಬಡಿಸ್ತೀಯಾ?
ಇದು ನುಗ್ಗಾಗಕ್ಕೇ ಹುಟ್ಟಿರೋದು. ಒಂದೇ ಒಂದ್ಸಲಿ."

ಹೊಸವು ಡಬ್ಬಿಯಲ್ಲೇ ಬಂದಿದ್ದವು,
ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ, ನಾಲ್ಕು.
ಲೋಹಿತ ಬಿಲ್ಲಿನ ಜೊತೆ ಬಿಸಾಡಿಬಿಟ್ಟ, ಅಂದೆ.
ಬಿಸಾಡಿದ್ದು ನಾನು. ಹುಡುಗ ಸುಮ್ಮನಿದ್ದ.
ಕಸದ ಬುಟ್ಟಿಯಲ್ಲಿ ಕೋಸಿನ ಎಲೆಯಡಿ ಹುಡುಕಿ,
ಒರೆಸಿ ಕೊಟ್ಟದ್ದೂ ಅವನೇ.
ಕೊಳವೆಯ ಈಚೆಗೊಂದು, ಆಚೆಗೊಂದು.

ಆಮೇಲೆ ಗಾಳಿ ತೆಗೆಯುವುದು.
ನಾನು ಪೆಡಲಿಗೆ, ಅವರು ಚಕ್ರಕ್ಕೆ, ಲೋಹಿತ ಬಾಟಲಿಗೆ.
"ಒತ್ತಮ್ಮ." ಒತ್ತಿದೆ.
"ಹಿಡ್ಕೊ." ಹಿಡಿದೆ.
ನಿಪ್ಪಲ್ ಸಡಿಲಿಸಿದರು. ಕಾಲು ಇಳಿಯಿತು
ಬಾವಿಗೆ ಕೊಡ ಇಳಿದ ಹಾಗೆ.
ಮುಚ್ಚಿದರು. "ಈಗ ಬುಡು."
ಪೈಪಿನಲ್ಲಿ ಮೊದಲು ಬಂದದ್ದು ಕಾಕಂಬಿಯ ಕಪ್ಪು,
ಆಮೇಲೆ ಗುಳ್ಳೆ, ಗುಳ್ಳೆ,
ಬಹಳ ಹೊತ್ತಾದ ಮೇಲೆ ಜೇನಿನ ತಿಳಿ.
ಒತ್ತಮ್ಮ. ಹಿಡ್ಕೊ. ಬುಡು.
ಹದಿನೇಳು ವರ್ಷ ಇದೇ ಮೂರು ಮಾತು ಹೇಳಿದ್ದೇನೆ
ಕ್ಲಚ್ಚಿನ ನೆಪದಲ್ಲಿ;
ಹೇಳಿಸಿಕೊಂಡದ್ದು ಇದೇ ಮೊದಲು.
ಒಮ್ಮೆ ತುಸು ಮುಂಚೆ ಬಿಟ್ಟೆ.
ಗಾಳಿ ಒಳಗೆ ಹೋಯಿತು. ಬೈದರು. ಮತ್ತೆ ಮೊದಲಿಂದ.

ಮಡ್‌ಗಾರ್ಡಿನ ಮೇಲೆ ಸಿಡಿದ ಒಂದು ಹನಿಗೆ
ನೀರು ಹುಯ್ಯುವುದು ಮರೆತೆವು.
ಬಣ್ಣ ಸುಕ್ಕಾಗಿದೆ ಅಲ್ಲಿ, ಈಗಲೂ.

ದುಡ್ಡು ಕೇಳಿದೆ. ಇನ್ನೂರು ಅಂದರು.
ಕಾಫಿ ಕುಡಿದು ನೂರೆಂಬತ್ತು ಅಂದರು.

ರಾತ್ರಿ ನಾಲ್ಕು ಚಕ್ರದಡಿಯೂ ಪೇಪರು ಹಾಸಿದೆ,
ಪಂಕ್ತಿಗೆ ಎಲೆ ಹಾಕಿದ ಹಾಗೆ.
ಮೂರು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದೆ.
ಬೆಳಿಗ್ಗೆ, ಹಿಂದಿನ ಬಲಗಡೆಯ ಹಾಳೆ ಒದ್ದೆ.
ಎದೆ ಝಲ್ಲೆಂದಿತು. ಬಗ್ಗಿದೆ. ಮೂಸಿದೆ.
ನಾಯಿ.

ಏಳಕ್ಕೆ ದೇವೀರಮ್ಮ ಬಂದರು, ಅಂಗನವಾಡಿ ಟೀಚರು,
ಅವರಿಗೆ ಹದಿನಾಲ್ಕನೇ ದಿನ.
ನಾಲೆಯ ಏರಿಯ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರು
ಕೈ ಕೂಡ ತೋರಿಸದೆ ನಿಂತುಬಿಟ್ಟಿತು.
ನನ್ನ ಕಾಲು ಎದ್ದಿತ್ತು.
ಕಾರು ಆಗಲೇ ನಿಂತಿತ್ತು,
ಸೋಗೆಯ ತುದಿ ಬಾನೆಟ್ಟನ್ನು ಮುಟ್ಟಿಯೂ ಮುಟ್ಟದ ಹಾಗೆ.

"ಒತ್ತಿದ್ದು ನೀವಾ, ನಾನಾ?"
ನೀವು, ಅಂದೆ.
ಕಾಲು ಎಲ್ಲಿಡಬೇಕೋ ತಿಳಿಯದೆ
ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.